ತಂಗಳಾಗಲಿ ಎಂದು ಬೇಯಿಸಿದ ಬ್ರೆಡ್

ಬಸ್ ಡಿಪೋದ ಎದುರಿನ ಬೇಕರಿಯಲ್ಲಿ ಕೆಲಸ ಗಂಡಹೆಂಡಿರ ನಡುವೆ ಹಂಚಿಹೋಗಿತ್ತು. ಹಿಟ್ಟು ಗಂಡನದು, ಉಳಿದದ್ದು ಹೆಂಡತಿಯದು. ಅವನು ನಾದುತ್ತಿದ್ದ, ಅಚ್ಚಿಗೆ ಹಾಕುತ್ತಿದ್ದ, ಭಟ್ಟಿಗೆ ತಳ್ಳುತ್ತಿದ್ದ, ಬಿಸಿ ಬ್ರೆಡ್ಡನ್ನು ತಾನೇ ನಿಂತು ಮಾರುತ್ತಿದ್ದ. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಮಿಕ್ಕಿದ್ದನ್ನೆಲ್ಲ ಬುಟ್ಟಿಗೆ ತುಂಬಿ ಅವಳ ಕಡೆ ತಳ್ಳಿ, "ತಗೋ, ನಿನ್ನ ಪಾಲು" ಎನ್ನುತ್ತಿದ್ದ. ಮದುವೆಯಾದ ಹೊಸದರಲ್ಲಿ ನಗುತ್ತಾ ಹೇಳುತ್ತಿದ್ದ. ಆಮೇಲೆ ನಗದೆ ಹೇಳುತ್ತಿದ್ದ. ಕೊನೆಕೊನೆಗೆ ಹೇಳದೆಯೇ ತಳ್ಳುತ್ತಿದ್ದ. ಅವಳಿಗೂ ಕೇಳಿಸಬೇಕೆಂದೇನೂ ಇರಲಿಲ್ಲ.

ಆ ಪಾಲಿನಿಂದ ಅವಳು ಬೆಳಗಿನ ಟ್ರೇ, ಅಂದರೆ ಬ್ರೆಡ್ ಪುಡ್ಡಿಂಗ್, ಮಾಡುತ್ತಿದ್ದಳು. ಒಂದು ರಾತ್ರಿ ಕಳೆದ ಬ್ರೆಡ್ಡೇ ಆಗಬೇಕು, ಹೊಸದು ಹಾಲಿಗೆ ಬಿದ್ದರೆ ಗಂಜಿಯಾಗುತ್ತದೆ. ಕೈಯಲ್ಲೇ ಮುರಿಯಬೇಕು. ಚಾಕುವಿನಲ್ಲಿ ಕೊಯ್ದ ತುಂಡು ಹಾಲು ಕುಡಿಯುವುದಿಲ್ಲ, ಮುರಿದದ್ದು ಕುಡಿಯುತ್ತದೆ. ಹಾಲು, ಮೊಟ್ಟೆ, ಸಕ್ಕರೆ, ಚಕ್ಕೆಪುಡಿ, ಒಂದು ಹಿಡಿ ಒಣದ್ರಾಕ್ಷಿ. ಅದರಲ್ಲಿ ತುಂಡುಗಳನ್ನು ಮುಳುಗಿಸಿ ಬೆಳಗಾಗುವವರೆಗೆ ಬಿಟ್ಟು, ಮೇಲೆ ಅಲ್ಲಲ್ಲಿ ಬೆಣ್ಣೆ ಚುಕ್ಕಿಯಿಟ್ಟು ಭಟ್ಟಿಗೆ ತಳ್ಳಿದರೆ ಮೇಲೆ ಕಂದುಬಣ್ಣಕ್ಕೆ ತಿರುಗಿ ಗರಿಗರಿ, ಒಳಗೆ ಮೆತ್ತಗೆ ಬರುತ್ತಿತ್ತು. ಮೊದಲ ಬಸ್ಸು ಹೊರಡುವ ಮೊದಲು ಡ್ರೈವರುಗಳು, ಕಂಡಕ್ಟರುಗಳು ನಿಂತೇ ತಿಂದು, ಬೆರಳು ನೆಕ್ಕಿ, ಟೀ ಕುಡಿದು ಓಡುತ್ತಿದ್ದರು. ಡಿಪೋದವರೆಲ್ಲ ಅವಳನ್ನು ಟ್ರೇ ಅಕ್ಕ ಎಂದೇ ಕರೆಯುತ್ತಿದ್ದರು. ಹುಟ್ಟುಹೆಸರು ಅವಳೇ ನೆನಪಿಸಿಕೊಳ್ಳಬೇಕಾಗುತ್ತಿತ್ತು.

ಒಂದು ದಿನ ಮಧ್ಯಾಹ್ನ ಭಟ್ಟಿಯ ಮುಂದೆ ಸ್ಟೂಲಿನ ಮೇಲೆ ಕೂತ ಗಂಡ ಹಾಗೇ ಗೋಡೆಗೆ ಒರಗಿದ. ನಿದ್ದೆ ಎಂದುಕೊಂಡಳು. ನಿದ್ದೆಯಲ್ಲ. ಜನ ಸೇರಿದರು, ಅತ್ತರು, ಅವನನ್ನು ಎತ್ತಿಕೊಂಡು ಹೋದರು. ಭಟ್ಟಿಯೊಳಗಿದ್ದ ಬ್ರೆಡ್ ತೆಗೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಎಲ್ಲ ಮುಗಿದ ಮೇಲೆ ಅವಳು ಬಾಗಿಲು ತೆಗೆದು ನೋಡಿದಾಗ ಅಚ್ಚುಗಳ ತುಂಬ ಇದ್ದಿಲು. ಕೂತು ಒಂದೊಂದೇ ಅಚ್ಚು ಕೆರೆದಳು. ಬಂದವರು "ಪಾಪ, ಕಲ್ಲಾಗಿಬಿಟ್ಟಿದ್ದಾಳೆ" ಎಂದರು. ಕಲ್ಲೂ ಇಲ್ಲ ಮಣ್ಣೂ ಇಲ್ಲ. ಅಳುವುದಕ್ಕೂ ಮೈಯಲ್ಲಿ ಕಸುವು ಬೇಕು, ಅದಿರಲಿಲ್ಲ, ಅಷ್ಟೆ.

ಮನೆಯಲ್ಲಿ ಇನ್ನು ಉಳಿದವರು ಅವಳು ಮತ್ತು ಅತ್ತೆ. ಅತ್ತೆಗೆ ಹಲ್ಲು ಹೋಗಿತ್ತು, ನಾಲಿಗೆ ಹೋಗಿರಲಿಲ್ಲ. ಬೇಕರಿಯ ಹಿಂದಿನ ಕೋಣೆಯಲ್ಲೇ ಇಬ್ಬರ ವಾಸ. ಇಬ್ಬರೂ ಎದುರುಬದುರು ಕೂತು ಗೋಡೆ ನೋಡುತ್ತಿದ್ದರು.

ಹಾಗೆ ಕೂತಿದ್ದಾಗ ಮೈದುನ ಬಂದ. ಗಂಡನ ತಮ್ಮ. ಪಕ್ಕದ ಬೀದಿಯಲ್ಲಿ ಪ್ಲಾಸ್ಟಿಕ್ ಬಕೆಟ್ಟು, ಕುರ್ಚಿ ಮಾರುವವನು. ಕೆಟ್ಟವನಲ್ಲ. ಮಾತು ಮಾತ್ರ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ.

"ಅತ್ತಿಗೆ, ನಿಮ್ಮನ್ನ ಎಬ್ಬಿಸೋಕೆ ಬಂದಿಲ್ಲ. ಹಿಂದಿನ ಕೋಣೆ ನಿಮ್ಮದೇ, ಅಮ್ಮನೂ ಇಲ್ಲೇ ಇರ್ಲಿ. ಮುಂದಿನ ಅಂಗಡಿ ಸುಮ್ಮನೆ ಬಿದ್ದಿದೆ. ನನ್ನ ಸಾಮಾನಿಗೆ ಗೋಡೌನ್ ಇಲ್ಲ. ಆ ಭಟ್ಟಿ ಒಡೆಸಿದ್ರೆ ಜಾಗ ಆಗುತ್ತೆ."

"ಭಟ್ಟಿ ನಿಮ್ಮಪ್ಪ ಕಟ್ಟಿಸಿದ್ದು" ಎಂದಳು ಅತ್ತೆ.

"ಗೊತ್ತಮ್ಮ. ಉರೀತಿದ್ದರೆ ನಾನು ಬಾಯಿ ಬಿಡ್ತಿರಲಿಲ್ಲ. ಆರಿದ ಭಟ್ಟಿ ಇಟ್ಕೊಂಡು ಪೂಜೆ ಮಾಡೋದಾ? ಸೋಮವಾರ ಗಾರೆ ಮೇಸ್ತ್ರಿ ಕರ್ಕೊಂಡು ಬರ್ತೀನಿ."

"ಉರಿಸ್ತೀನಿ" ಎಂದಳು ಟ್ರೇ ಅಕ್ಕ.

ಯಾಕೆ ಹಾಗೆಂದಳೋ ಅವಳಿಗೇ ತಿಳಿಯಲಿಲ್ಲ. ಬೇಕರಿ ಎಂದರೆ ಪ್ರಾಣ ಎಂದೇನೂ ಅಲ್ಲ. ಆದರೆ ಗೋಡೆಯಾಚೆ ಬಕೆಟ್ಟು ಕುರ್ಚಿ ತುಂಬಿದ ಮೇಲೆ ಬೆಳಗ್ಗೆ ಏಳಬೇಕಾದ ಕಾರಣವೇ ಇರುವುದಿಲ್ಲ. ಒಮ್ಮೆ ಏಳದಿದ್ದರೆ ತಾನು ಮತ್ತೆಂದೂ ಏಳುವವಳೇ ಅಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಮೈದುನ ಅವಳ ಮುಖ ನೋಡಿದ. "ಉರಿಸಿ ಏನ್ ಮಾಡ್ತೀರಿ ಅತ್ತಿಗೆ? ಟ್ರೇ ಮಾಡೋಕೆ ತಂಗಳು ಬ್ರೆಡ್ ಬೇಕು. ತಂಗಳು ಬೇಕಂದ್ರೆ ಹೊಸದು ಬೇಕು. ಹೊಸದು ಮಾಡೋನು..." ಅಲ್ಲಿಗೇ ಮಾತು ತುಂಡರಿಸಿದ. "ಆಯ್ತು, ಸೋಮವಾರ ನೋಡೋಣ" ಎಂದು ಎದ್ದು ಹೋದ.

ಅವನು ಹೇಳಿದ್ದು ನಿಜ. ಇಷ್ಟು ವರ್ಷ ಭಟ್ಟಿಯ ಮುಂದೆ ಬದುಕಿದವಳು ಒಮ್ಮೆಯೂ ಹಿಟ್ಟು ಮುಟ್ಟಿರಲಿಲ್ಲ. ನೋಡಿದ್ದಳು. ನೋಡಿದ್ದು ಬೇರೆ, ಮಾಡಿದ್ದು ಬೇರೆ. ಬೇರೆ ಬೇಕರಿಯಿಂದ ಪ್ಯಾಕೆಟ್ ಬ್ರೆಡ್ ತಂದು ಒಂದು ಪ್ರಯತ್ನ ಮಾಡಿದಳು. ಆ ಬ್ರೆಡ್ ಒಣಗಲೇ ಇಲ್ಲ. ದಿಂಬಿನ ಹಾಗೆ ಮೆತ್ತಗೇ ಇದ್ದು, ಆಮೇಲೆ ಒಮ್ಮೆಲೇ ಬೂಸು ಹಿಡಿಯಿತು.

"ವಯಸ್ಸಾಗದೆ ನೇರ ಸಾಯೋ ಬ್ರೆಡ್ಡು" ಎಂದಳು ಅತ್ತೆ.

ಶನಿವಾರ ಮೈದಾ ಚೀಲ ಬಿಚ್ಚಿದಳು. ಈಸ್ಟಿಗೆ ಬಿಸಿನೀರು ಬೇಕೆಂದು ನೆನಪಿತ್ತು, ಎಷ್ಟು ಬಿಸಿ ಎಂಬುದು ನೆನಪಿರಲಿಲ್ಲ. ಕುದಿಯುವ ನೀರು ಸುರಿದು ಅದನ್ನು ಕೊಂದಳು. ಹಿಟ್ಟು ಇಟ್ಟಲ್ಲೇ ಇತ್ತು, ಒಂದು ಕೂದಲೆಳೆಯಷ್ಟೂ ಉಬ್ಬಲಿಲ್ಲ. ಆದರೂ ಬೇಯಿಸಿದಳು. ಬಂದದ್ದನ್ನು ಅತ್ತೆ ಬೆರಳಿನಿಂದ ತಟ್ಟಿ ನೋಡಿದಳು.

"ಇದನ್ನ ಎಸೀಬೇಡ. ಮೇಸ್ತ್ರಿ ಹೇಗೂ ಬರ್ತಾನಲ್ಲ, ಗೋಡೆ ಕಟ್ಟೋಕೆ ಅವನಿಗೇ ಕೊಡು."

"ನಗಬೇಡಿ ಅತ್ತೆ."

"ನಾನು ಎಲ್ಲಿ ನಕ್ಕೆ? ನಗೋಕೆ ನನಗೇನು ಉಳಿದಿದೆ?" ಅತ್ತೆ ಸ್ಟೂಲು ಎಳೆದುಕೊಂಡು ಹತ್ತಿರ ಕೂತಳು. "ನೀರಿಗೆ ಬೆರಳು ಅದ್ದು. ಮಗುಗೆ ಸ್ನಾನ ಮಾಡಿಸೋಷ್ಟು ಬೆಚ್ಚಗಿದ್ದರೆ ಸಾಕು. ನಾದು. ಎಲ್ಲಿವರೆಗೆ ಅಂದ್ರೆ, ಕಿವಿಯ ಹಾಲೆ ಮುಟ್ಟಿ ನೋಡ್ಕೊ. ಅಷ್ಟು ಮೆದು ಬರ್ಬೇಕು."

"ನಿಮಗೆ ಬರುತ್ತಾ ಇದು?"

"ನಿಮ್ಮ ಮಾವನಿಗೆ ಕೈಮುರಿದಾಗ ಆರು ತಿಂಗಳು ಯಾರು ನಾದಿದ್ದು ಅಂದ್ಕೊಂಡೆ? ಕೈ ಸರಿಹೋದ ದಿನ ನನ್ನನ್ನ ಆಚೆ ಕಳಿಸಿದ್ರು. ನಾನೂ ಸುಮ್ಮನಾದೆ."

ಇಬ್ಬರೂ ಹಿಟ್ಟಿನ ಕೈಯಲ್ಲೇ ತಮ್ಮ ತಮ್ಮ ಕಿವಿ ಮುಟ್ಟಿ, ಹಿಟ್ಟು ಮುಟ್ಟಿ, ಮತ್ತೆ ಕಿವಿ ಮುಟ್ಟಿ ನೋಡಿದರು. ಅತ್ತೆಯ ಕಿವಿ ಸುಕ್ಕಾಗಿ ಜೋತುಬಿದ್ದಿತ್ತು. "ನನ್ನ ಕಿವಿ ಲೆಕ್ಕಕ್ಕೆ ತಗೋಬೇಡ, ನಿಂದೇ ನೋಡು" ಎಂದಳು. ಟ್ರೇ ಅಕ್ಕನ ತೋಳು ಬಿದ್ದುಹೋಗುವಂತೆ ನೋಯುತ್ತಿತ್ತು. ಇಷ್ಟು ಭಾರವನ್ನು ಗಂಡ ದಿನಾ ನಾದುತ್ತಿದ್ದನೇ, ಒಂದು ದಿನವೂ ತೋಳು ನೋವು ಎಂದವನಲ್ಲ. ಹೇಳಿದ್ದರೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ಆ ಮೂಗನ ಮೇಲೆ ಅವಳಿಗೆ ಸಿಟ್ಟು ಬಂತು. ಸಿಟ್ಟಿಗೆ ಇನ್ನೊಂದಿಷ್ಟು ನಾದಿದಳು.

ಭಾನುವಾರ ಮಧ್ಯಾಹ್ನ ಭಟ್ಟಿಯಿಂದ ಬ್ರೆಡ್ ಹೊರಬಂತು. ಅವನದರಷ್ಟು ಎತ್ತರವಿಲ್ಲ, ಒಂದು ಪಕ್ಕ ಕುಸಿದಿತ್ತು. ಆದರೆ ಬ್ರೆಡ್ಡೇ. ವಾಸನೆ ಬೀದಿಗೆ ಹೋಯಿತು. ಬಾಗಿಲು ಮುಚ್ಚಿದ್ದ ಅಂಗಡಿಯಿಂದ ವಾಸನೆ ಬಂದರೆ ಜನ ಸುಮ್ಮನಿರುತ್ತಾರೆಯೇ? ಪಕ್ಕದ ಟೈಲರ್ ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಬಂದ. ಡಿಪೋದಿಂದ ದಪ್ಪ ಮೀಸೆಯ ಹಿರಿಯ ಡ್ರೈವರ್ ಬಂದ, ಅವನ ಹಿಂದೆ ಇನ್ನೂ ಐದಾರು ಮಂದಿ.

"ಅಕ್ಕ, ಒಂದು ಬ್ರೆಡ್ ಕೊಡಿ."

"ಇದು ಕೊಡೋದಲ್ಲ" ಎಂದಳು ಟ್ರೇ ಅಕ್ಕ.

"ಮತ್ತೆ?"

"ಇದು ತಂಗಳಾಗ್ಬೇಕು."

ಡ್ರೈವರ್ ಟೈಲರನ ಮುಖ ನೋಡಿದ, ಟೈಲರ್ ಡ್ರೈವರನ ಮುಖ ನೋಡಿದ. "ಅಕ್ಕ, ಊರಿನವರೆಲ್ಲ ತಂಗಳು ತಳ್ಳಿ ಬಿಸಿ ಕೇಳ್ತಾರೆ. ನೀವು ಬಿಸಿ ಮುಂದಿಟ್ಕೊಂಡು ತಂಗಳಾಗೋದನ್ನ ಕಾಯ್ತಿದ್ದೀರಲ್ಲ!" ಎಂದ ಡ್ರೈವರ್.

"ನಾಳೆ ಬೆಳಗ್ಗೆ ಬನ್ನಿ. ಟ್ರೇ ಇರುತ್ತೆ."

"ಅರ್ಧನಾದ್ರೂ ಕೊಡಿ, ಮನೇಲಿ ಮಕ್ಕಳಿದ್ದಾವೆ" ಎಂದ ಟೈಲರ್.

"ಆಗಲ್ಲ ಅಂದ್ನಲ್ಲ" ಎಂದು ಬ್ರೆಡ್ಡಿನ ಮೇಲೆ ಬಟ್ಟೆ ಮುಚ್ಚಿದಳು.

ಅವಳಿಗೆ ಅದರಲ್ಲಿ ತಮಾಷೆ ಏನೂ ಕಾಣಲಿಲ್ಲ. ಬಿಸಿ ಬ್ರೆಡ್ ಮಾರುವುದು ಅವನ ಕೆಲಸ. ಅದಕ್ಕೆ ಅವಳ ಕೈ ಚಾಚುತ್ತಲೇ ಇರಲಿಲ್ಲ. ಅವಳದು ಸಂಜೆಯ ಬುಟ್ಟಿ. ಸಂಜೆಯಾಗಲೇಬೇಕು.

ಅದೇ ಹೊತ್ತಿಗೆ ಮೈದುನ ಬಂದ. ಗಿರಾಕಿಗಳು ಗೊಣಗುತ್ತಾ ಹಿಂದಿರುಗುವುದನ್ನು ನೋಡಿ ಬಾಗಿಲಲ್ಲೇ ನಿಂತ. ಅಮ್ಮನನ್ನು ಮೆಲ್ಲಗೆ ಕೇಳಿದ, "ಅತ್ತಿಗೆಗೆ ತಲೆ ಸರಿ ಇದ್ಯಾ?"

"ನಿಂದು ಸರಿ ಇದ್ದರೆ ನನಗೆ ಅಷ್ಟೇ ಸಾಕು" ಎಂದಳು ಅತ್ತೆ. ಅವನು ಹೋದ ಮೇಲೆ ಸೊಸೆಯ ಕಡೆ ತಿರುಗಿದಳು. "ನಾನು ಒಂದು ಮಾತು ಹೇಳ್ತೀನಿ, ಸಿಟ್ಟು ಮಾಡ್ಕೋಬೇಡ. ಬ್ರೆಡ್ ಮಾಡೋದು ಮಾರೋಕೆ ಕಣೇ. ಮಿಕ್ಕಿದ್ದು ಮಾತ್ರ ತಂಗಳು."

"ಯಾರು ಮಾರೋದು?"

"ನೀನೇ."

ಟ್ರೇ ಅಕ್ಕ ಬಟ್ಟೆಯ ಮೇಲೆ ಕೈಯಿಟ್ಟು ನಿಂತಳು. ಬಟ್ಟೆಯಡಿ ಬ್ರೆಡ್ ಇನ್ನೂ ಬೆಚ್ಚಗಿತ್ತು. "ಇವತ್ತು ಆಗಲ್ಲ ಅತ್ತೆ" ಎಂದಳು. ಅತ್ತೆ ಒತ್ತಾಯ ಮಾಡಲಿಲ್ಲ.

ಸೋಮವಾರ ಬೆಳಗ್ಗೆ ಟ್ರೇ ಹೊರಗೆ ಬಂತು. ಬೇಯುವಾಗ ಉಬ್ಬಿದ್ದು ಗಾಳಿ ತಾಗಿದೊಡನೆ ಒಂದಿಷ್ಟು ಇಳಿಯಿತು, ಅದು ಯಾವಾಗಲೂ ಇಳಿಯುತ್ತದೆ. ಹಿಂದಿನ ದಿನ ಬೈದುಕೊಂಡು ಹೋದವರೇ ಮೊದಲು ಬಂದರು. ಹಿರಿಯ ಡ್ರೈವರ್ ಒಂದು ತುಂಡು ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದ.

"ಮೊದಲಿನ ಹಾಗಿಲ್ಲ ಅಕ್ಕ."

"ಇಲ್ಲ" ಎಂದಳು.

"ಬ್ರೆಡ್ಡು ಗಟ್ಟಿ."

"ಗಟ್ಟಿ."

ಅವನು ಕಾಗದ ಮಡಚಿ ಕಸದ ಬುಟ್ಟಿಗೆ ಎಸೆದ. "ಇನ್ನೊಂದು ತುಂಡು ಕೊಡಿ. ಸ್ವಲ್ಪ ಮೂಲೆ ಕಡೇದು."

ಮೂಲೆಗೆ ಟೈಲರನೂ ಕೈಚಾಚಿದ್ದ. ಇಬ್ಬರಿಗೂ ಜಟಾಪಟಿಯಾಯಿತು. ಟ್ರೇಗೆ ನಾಲ್ಕೇ ಮೂಲೆ ಇರುವುದು ಎಂದು ಅತ್ತೆ ಗದರಿದಳು. ಗಲಾಟೆಯ ನಡುವೆ ಮೈದುನ ಬಂದ, ಅವನ ಜೊತೆ ಚೀಲದಲ್ಲಿ ಸುತ್ತಿಗೆ ಹೊತ್ತ ಗಾರೆ ಮೇಸ್ತ್ರಿ.

ಮೇಸ್ತ್ರಿಗೆ ಈ ಮನೆಯ ಕಥೆ ಏನು ಗೊತ್ತು? ನೇರ ಭಟ್ಟಿಯ ಹತ್ತಿರ ಹೋಗಿ ಪಕ್ಕದ ಇಟ್ಟಿಗೆಗೆ ಅಂಗೈ ಒತ್ತಿದ, ಚುರ್ ಎಂದಂತಾಗಿ ಕೈ ಕೊಡವಿದ.

"ಇದೇನ್ ಸ್ವಾಮಿ, ಉರೀತಿರೋ ಭಟ್ಟಿ ಒಡೀಬೇಕಾ? ಆಗಲ್ಲ. ಬಿಸಿ ಇಟ್ಟಿಗೆಗೆ ಸುತ್ತಿಗೆ ಬಿದ್ದರೆ ಸಿಡಿದು ಕಣ್ಣಿಗೇ ಬರುತ್ತೆ."

"ಎಷ್ಟು ಹೊತ್ತಿಗೆ ಆರುತ್ತೆ?"

"ಹೊತ್ತಾ? ಗೋಡೆ ಎಷ್ಟು ದಪ್ಪ ಇದೆ ನೋಡಿ. ಸೌದೆ ಹಾಕೋದು ನಿಲ್ಲಿಸಿದ ಮೇಲೆ ಎರಡು ದಿನ, ಮೂರು ದಿನ. ಪೂರ್ತಿ ಆರಬೇಕು."

ಮೈದುನ ಅತ್ತಿಗೆಯನ್ನು ಹುಡುಕಿದ. ಅವಳು ಅಲ್ಲಿರಲಿಲ್ಲ. ಹಿಂದಿನಿಂದ ಒಂದು ಹೊರೆ ಸೌದೆ ತಬ್ಬಿಕೊಂಡು ಬರುತ್ತಿದ್ದಳು. ಯಾರನ್ನೂ ನೋಡದೆ ಬಗ್ಗಿ ಒಂದೊಂದೇ ಒಳಗೆ ತಳ್ಳಿದಳು.

"ಅತ್ತಿಗೆ, ಟ್ರೇ ಮುಗೀತಲ್ಲ. ಈಗ ಯಾಕೆ ಸೌದೆ?"

"ನಾಳೆ ಟ್ರೇಗೆ ಇವತ್ತು ಬ್ರೆಡ್ ಬೇಡ್ವಾ?"

"ಎಷ್ಟು ದಿನ ಹೀಗೆ?"

ಅವಳು ಎದ್ದು ನಿಂತಳು. ಕಣ್ಣ ಕೆಳಗೆ ಕಪ್ಪು, ಕೂದಲಲ್ಲಿ ಹಿಟ್ಟು. ಎದುರಿಗಿದ್ದವನ ಹುಬ್ಬು ಅವನ ಅಣ್ಣನ ಹುಬ್ಬಿನಂತೆಯೇ ಇತ್ತು, ಅದನ್ನು ನೋಡಲು ಅವಳಿಗೆ ಆಗುತ್ತಿರಲಿಲ್ಲ.

"ಗೊತ್ತಿಲ್ಲ ಕಣಪ್ಪ. ಸುಳ್ಳು ಯಾಕೆ ಹೇಳ್ಲಿ. ತೋಳು ಎತ್ತೋಕಾಗ್ತಿಲ್ಲ. ಇವತ್ತು ಹಾಕ್ತೀನಿ. ನಾಳೇದು ನಾಳೆ ಕೇಳು."

ಬಾಗಿಲಲ್ಲಿದ್ದವರು ಅಗಿಯುವುದನ್ನೂ ಮರೆತು ನಿಂತಿದ್ದರು. ಮೈದುನ ಕುತ್ತಿಗೆ ಕೆರೆದುಕೊಂಡ. ಅಷ್ಟೂ ಜನರ ಮುಂದೆ ಏನು ಹೇಳಿದರೂ ಅವನೇ ಕೆಟ್ಟವನಾಗುತ್ತಿದ್ದ. ಅದಕ್ಕಿಂತ ಹೆಚ್ಚಾಗಿ, ಒಳಗೆ ಸೌದೆ ಹತ್ತಿಕೊಂಡು ಚಟಪಟ ಎನ್ನುತ್ತಿತ್ತು. ಆ ಸದ್ದು ಕೇಳುತ್ತಾ ಬೆಳೆದವನು ಅವನು.

"ಆರಿದಾಗ ಹೇಳಿ ಕಳ್ಸಿ ಅತ್ತಿಗೆ" ಎಂದ. ಮೇಸ್ತ್ರಿಯ ಕಡೆ ತಿರುಗಿ, "ನಡಿಯಪ್ಪ" ಎಂದ.

"ಬಂದಿದ್ದಕ್ಕೆ ಒಂದು ತುಂಡು ತಿಂದು ಬರ್ತೀನಿ" ಎಂದು ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟ. ಮೈದುನನಿಗೂ ಒಂದು ಕಾಗದದಲ್ಲಿಟ್ಟು ಅತ್ತೆಯೇ ಕೊಟ್ಟಳು. ಬೇಡ ಎನ್ನದೆ ತಗೊಂಡ.

ಬಸ್ಸುಗಳೆಲ್ಲ ಹೊರಟುಹೋದವು. ಟ್ರೇಯಲ್ಲಿ ಕರಕಲು ಅಂಚು ಮಾತ್ರ ಉಳಿಯಿತು. ಟ್ರೇ ಅಕ್ಕ ನೀರು ಕಾಯಿಸಿ, ಬೆರಳು ಅದ್ದಿ ನೋಡಿ, ಹಿಟ್ಟು ಕಲಸಿದಳು. ನಾದಿ ಪಾತ್ರೆಗೆ ಹಾಕಿ ಬಟ್ಟೆ ಮುಚ್ಚಿ, ಭಟ್ಟಿಯ ಬೆಚ್ಚನೆಯ ಪಕ್ಕಕ್ಕೆ ಗೋಣಿ ಹಾಸಿ ಬಿದ್ದುಕೊಂಡಳು.

"ಉಬ್ಬಿದಾಗ ಎಬ್ಬಿಸಿ ಅತ್ತೆ."

"ಮಲ್ಕೊ."

ಮಲಗಿದೊಡನೆ ನಿದ್ದೆ ಹತ್ತಿತು. ಗಂಡ ಹೋದ ಮೇಲೆ ಅಂಥ ನಿದ್ದೆ ಬಂದಿರಲಿಲ್ಲ. ಬಾಯಿ ತೆರೆದಿತ್ತು, ಒಂದು ಕೈ ನೆಲದ ಮೇಲೆ ಹಾಗೇ ಬಿದ್ದಿತ್ತು. ಅತ್ತೆ ಸ್ಟೂಲಿನ ಮೇಲೆ ಕೂತು ಒಮ್ಮೆ ಪಾತ್ರೆ ನೋಡಿದಳು, ಒಮ್ಮೆ ಸೊಸೆಯನ್ನು ನೋಡಿದಳು. ಬಟ್ಟೆ ಮೆಲ್ಲಮೆಲ್ಲಗೆ ಮೇಲೆದ್ದಿತು. ಪಾತ್ರೆಯ ಅಂಚು ದಾಟಿತು. ಇನ್ನೂ ಸ್ವಲ್ಪ ಹೊತ್ತು ಬಿಟ್ಟರೆ ಹಿಟ್ಟು ಹುಳಿಯಾಗುತ್ತದೆ.

ಎಬ್ಬಿಸಲು ಮನಸ್ಸಿರಲಿಲ್ಲ. ಎಬ್ಬಿಸಿದಳು.