ಜೌಗಿನತ್ತ ಒಂದು ಗೆರೆ

ಬೆಳಕು ಹರಿಯುವ ಹೊತ್ತು. ಗುಡ್ಡದ ಬುಡದ ಪೆಟ್ರೋಲ್ ಬಂಕಿನ ಪಕ್ಕ ಜೀಪುಗಳು ಸಾಲುಗಟ್ಟಿವೆ. ಐವತ್ತು ದಾಟಿದ ಹೆಂಗಸೊಬ್ಬರು ಮೊದಲ ಜೀಪಿನ ಜಿಪಿಎಸ್ ಬಿಚ್ಚಿ, ಧೂಳೊರೆಸಿ, ನಕ್ಷೆಯ ಮೇಲಿನ ಒಂದು ಗೆರೆಯನ್ನು ಅಳಿಸುತ್ತಾರೆ. ಆಮೇಲೆ ಎರಡನೆಯ ಜೀಪು. ದಿನಕ್ಕೆ ಹನ್ನೆರಡೋ ಹದಿನಾಲ್ಕೋ. ಚಾಲಕರ ಬಾಯಲ್ಲಿ ಇವರು ಮ್ಯಾಪಕ್ಕ. ಇವತ್ತೂ ರಬ್ಬರ್ ತಂದಿರಾ ಎಂದು ಒಬ್ಬ ರೇಗಿಸುತ್ತಾನೆ. "ವಾಪಸ್ ಬಂದ್ಮೇಲೆ ನಗಪ್ಪಾ" ಎನ್ನುತ್ತಾರೆ, ತಲೆಯೆತ್ತದೆ.

ಬಂಕಿನ ಹಿಂದಿನ ಒಂಟಿ ಕೋಣೆಯೇ ಇವರ ಅಂಗಡಿ. ರಸ್ತೆಯಿಲ್ಲದ ಕಡೆ ಗಾಡಿ ಓಡಿಸುವವರಿಗೆ ಯಾವ ಜಿಪಿಎಸ್ ಸರಿ, ಯಾವ ನಕ್ಷೆ ತುಂಬಬೇಕು ಎಂದು ಇಪ್ಪತ್ತು ವರ್ಷದಿಂದ ಹೇಳುತ್ತ ಬಂದಿದ್ದಾರೆ. ಗುಡ್ಡದಾಚೆ ಸಿಗ್ನಲ್ ಇಲ್ಲ, ಮೊಬೈಲ್ ನಂಬಬೇಡಿ. ಕುಲುಕಾಟದಲ್ಲಿ ಟಚ್‌ಸ್ಕ್ರೀನ್ ಮೇಲೆ ಬೆರಳು ನಿಲ್ಲದು, ಬಟನ್ ಇರುವುದನ್ನೇ ಕೊಳ್ಳಿ ಎನ್ನುತ್ತಾರೆ. ದೊಡ್ಡ ಪರದೆ ಬೇಕೆಂದು ಹಟ ಹಿಡಿದವನಿಗೆ ಒಂದೇ ಮಾತು: "ಪರದೆ ದೊಡ್ಡದಾದ್ರೆ ಕೆಸರು ಗಟ್ಟಿಯಾಗುತ್ತಾ?"

ಗೆರೆಯ ವಿಷಯ ಬಂದರೆ ಮಾತ್ರ ದನಿ ಇಳಿಯುತ್ತದೆ. ನಾಲ್ಕು ವರ್ಷದ ಹಿಂದೆ ಜೀಪು ಚಾಲಕನಾಗಿದ್ದ ಇವರ ತಮ್ಮ ಮಂಜಿನಲ್ಲಿ ದಾರಿ ತಪ್ಪಿದ, ಮರಳಲಿಲ್ಲ. ಏಳು ಜೀಪುಗಳು ಒಂಬತ್ತು ದಿನ ಗುಡ್ಡದಾಚೆಯ ಜೌಗಿನ ಅಂಚಿನವರೆಗೆ ಹೋಗಿ ಬಂದು ಹುಡುಕಿದವು. ಎಲ್ಲದರಲ್ಲೂ ಇವರೇ ಕೂರಿಸಿದ ಜಿಪಿಎಸ್. ಓಡಿದ ಹಾದಿ ತಾನಾಗಿ ನಕ್ಷೆಯ ಕಂಪನಿಗೆ ಹೋಗುವಂತೆ ಮಾಡಿಟ್ಟವರೂ ಇವರೇ. ಆ ದುಃಖದಲ್ಲಿ ಅದನ್ನು ನಿಲ್ಲಿಸಲು ಮರೆತರು. ಹತ್ತು ಮಂದಿ ತುಳಿದದ್ದೇ ದಾರಿ ಎಂಬುದು ಯಂತ್ರದ ನಂಬಿಕೆಯೂ ಹೌದು. ಅದು ನಕ್ಷೆಯಲ್ಲಿ ಅಲ್ಲೊಂದು ರಸ್ತೆ ಬರೆಯಿತು. ಹುಡುಕಿದವರ ಹೆಜ್ಜೆಯೇ ಹೋಗುವವರಿಗೆ ಉರುಳಾಯಿತು. ಕಳೆದ ವರ್ಷ ಆ ರಸ್ತೆ ನಂಬಿ ಹೊರಟ ಗಂಡಹೆಂಡಿರನ್ನು ಜೌಗು ನುಂಗಿತು.

"ಮಂಜಲ್ಲಿ ತಮ್ಮ ಹೋದ. ಇವರಿಬ್ಬರನ್ನ ಕಳಿಸಿದ್ದು ನಾನು."

ಕಂಪನಿಗೆ ಹದಿನೆಂಟು ಪತ್ರ ಬರೆದಿದ್ದಾರೆ. ಬಂದ ಉತ್ತರ ಒಂದೇ: ಅಲ್ಲಿ ವಾಹನಗಳು ಓಡಾಡಿದ ದಾಖಲೆಯಿದೆ. ಇವರು ಅಳಿಸಿದ್ದು ಹೊಸ ನಕ್ಷೆ ಬಂದಾಗಲೆಲ್ಲ ಮತ್ತೆ ಮೂಡುತ್ತದೆ. ಬಂಕಿನ ಬಳಿ ನಿಲ್ಲದೆ ಹೋಗುವ ಗಾಡಿಗಳ ಲೆಕ್ಕ ಇವರಿಗೆ ಸಿಗದು. ತೂತು ಕೊಡಕ್ಕೆ ನೀರು ತುಂಬುವ ಕೆಲಸವೆಂದು ಗೊತ್ತಿದ್ದೂ ದಿನಾ ಬರುತ್ತಾರೆ.

ಆ ಗೆರೆ ಪೂರ್ತಿ ಅಳಿದರೆ ನೆಮ್ಮದಿಯೇ ಎಂದು ಕೇಳಿದರೆ, ಮುಂದಿನ ಜೀಪಿನ ಜಿಪಿಎಸ್ ಬಿಚ್ಚಿ ಧೂಳೊರೆಸುತ್ತಾರೆ.

"ಅವನನ್ನ ನಾವು ಹುಡುಕಿದ್ವಿ ಅನ್ನೋದಕ್ಕೆ ಉಳಿದಿರೋ ಗುರುತು ಅದೊಂದೇ. ಅದೂ ಹೋಗ್ಲಿ. ನಾನಿರುವಾಗ್ಲೇ ಹೋಗ್ಲಿ."