ಉಪ್ಪಿನ ಕಲೆ

ದಾವಣಗೆರೆಯಿಂದ ವಿಶಾಖಪಟ್ಟಣಕ್ಕೆ ವರ್ಗವಾದಾಗ ಓಂಕಾರಪ್ಪನವರ ಸಾಮಾನಿನ ಲಾರಿಯಲ್ಲಿ ಎಲ್ಲಕ್ಕಿಂತ ಜೋಪಾನವಾಗಿ ಬಂದದ್ದು ಅವರ ದೂರದರ್ಶಕ. ಅಲ್ಲಿನ ದ್ವಾರಕಾ ನಗರ ಬಡಾವಣೆಯ ಬ್ಯಾಂಕಿನಲ್ಲಿ ಅಧಿಕಾರಿಯ ಕೆಲಸ. ಬಾಡಿಗೆ ಮನೆಯ ತಾರಸಿ ಸಮುದ್ರದ ಕಡೆಗೆ.

“ಈ ಊರಿನ ಬೆಳಕಲ್ಲಿ ಚಂದ್ರನೇ ಸರಿಯಾಗಿ ಕಾಣಲ್ಲ, ನೀವೇನು ಫೋಟೊ ತೆಗೀತೀರಿ ಸಾರ್?” ಎಂದು ಸಹೋದ್ಯೋಗಿಗಳು ಕೆಣಕಿದರೆ ಓಂಕಾರಪ್ಪ ನಗುತ್ತಿದ್ದರು. ಕ್ಯಾಮೆರಾದ ಮುಂದೆ ಕೂರಿಸುವ ಅವರ ಪುಟ್ಟ ಗಾಜಿನ ಫಿಲ್ಟರ್ ಬೀದಿದೀಪ, ಬಂದರಿನ ದೀಪಗಳನ್ನೆಲ್ಲ ಹೊರಗೇ ನಿಲ್ಲಿಸಿ, ಹೈಡ್ರೋಜನ್ ಅನಿಲದ ಒಂದು ತೆಳ್ಳನೆಯ ಕೆಂಪನ್ನು ಮಾತ್ರ ಒಳಗೆ ಬಿಡುತ್ತಿತ್ತು. ಆ ಕೆಂಪು ಎಷ್ಟು ಕ್ಷೀಣವೆಂದರೆ ರಾತ್ರಿಗಳ ಮೇಲೆ ರಾತ್ರಿ ಅದನ್ನು ಹನಿಹನಿಯಾಗಿ ಕೂಡಿಸಬೇಕು. ಕ್ಯಾಮೆರಾ ತನ್ನ ಪಾಡಿಗೆ ಕೂಡಿಸುತ್ತಿತ್ತು, ಓಂಕಾರಪ್ಪ ಮಲಗಿರುತ್ತಿದ್ದರು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕಂಪ್ಯೂಟರ್ ಮುಂದೆ ಕೂತು, ಬೂದಿಯಂಥ ಆ ಚಿತ್ರಗಳನ್ನು ಒಂದರ ಮೇಲೊಂದು ಹೇರಿ, ಕೆಂಡ ಊದಿದ ಹಾಗೆ ನೀಹಾರಿಕೆಯನ್ನು ಎಬ್ಬಿಸುತ್ತಿದ್ದರು.

ಎಬ್ಬಿಸುತ್ತಿದ್ದದ್ದು ಬಲಗಣ್ಣು. ಎಡಗಣ್ಣು ಹುಟ್ಟಿನಿಂದಲೇ ಮಂದ, ಲೆಕ್ಕಕ್ಕಷ್ಟೇ ಇತ್ತು.

ಆ ಚಳಿಗಾಲದಲ್ಲಿ ಅವರು ಹಿಡಿದದ್ದು ಮಹಾವ್ಯಾಧ ನಕ್ಷತ್ರಪುಂಜದ ತಲೆಯ ಸುತ್ತಲಿನ ಒಂದು ಮಸುಕು ಮೋಡವನ್ನು. ಸಂಕ್ರಾಂತಿಗೆ ಮೊದಲು ಅದರ ನಟ್ಟನಡುವೆ ಒಂದು ಕಲೆ ಕಂಡಿತು. ಕಪ್ಪಲ್ಲ, ಬೆರಳಲ್ಲಿ ಒರೆಸಿದಂಥ ಬೂದು.

“ಉಪ್ಪು,” ಎಂದರು ಓಂಕಾರಪ್ಪ.

ಅನುಮಾನಕ್ಕೆ ಜಾಗವೇ ಇರಲಿಲ್ಲ. ಕಡಲಗಾಳಿ ಕಿಟಕಿಯ ಸರಳನ್ನು ತಿಂದಿತ್ತು, ಸ್ಕೂಟರಿನ ಕನ್ನಡಿಯನ್ನು ತಿಂದಿತ್ತು. ಅವರು ಫಿಲ್ಟರ್ ತೆಗೆದು ಒರೆಸಿದರು. ಸಂಜೆಯ ತಿಳಿಬೆಳಕಿನಲ್ಲಿ ದೂರದರ್ಶಕದ ಬಾಯಿಗೆ ಬಿಳಿ ಪಂಚೆ ಬಿಗಿದು ಬರಿಯ ಬಿಳುಪಿನ ಫೋಟೊ ತೆಗೆದರು. ಗಾಜಿನ ಮೇಲೆ ಧೂಳಿದ್ದರೆ ಅದರ ನೆರಳು ಇಂಥ ಚಿತ್ರದಲ್ಲಿ ಸಿಕ್ಕಿಬೀಳುತ್ತದೆ, ಆಮೇಲೆ ಕಂಪ್ಯೂಟರ್ ಅದನ್ನು ಕಳೆಯುತ್ತದೆ. ಪಂಚೆಯ ಬಿಳುಪಿನ ನಡುವೆಯೂ ಕಲೆ ಇತ್ತು. ಕಳೆದರು. ಹೋಗಲಿಲ್ಲ. ಮತ್ತೆ ಒರೆಸಿದರು.

ಬ್ಯಾಂಕಿನಲ್ಲಿ ಎದುರು ಕೂತವರ ಮುಖದಲ್ಲಿ ಮೂಗು ಕರಗಿದ ಹಾಗಿರುತ್ತಿತ್ತು. ಕನ್ನಡಕ ಬಿಚ್ಚಿ ಅದನ್ನೂ ಒರೆಸಿದರು.

“ಎಷ್ಟು ಒರೆಸ್ತೀರಿ, ಗಾಜು ಸವೆದೀತು,” ಎಂದಳು ಹೆಂಡತಿ ಕಮಲಾಕ್ಷಿ.

“ನಿಂಗೆ ಗೊತ್ತಾಗಲ್ಲ ಬಿಡು. ಈ ಊರಿನ ಗಾಳಿಯೇ ಹಂಗೆ.”

ಕೊನೆಗೆ ಅವರು ಕೈಯಿಂದಲೇ ಸರಿಪಡಿಸಿದರು. ಕಲೆಯಿದ್ದಲ್ಲಿ ಮಾತ್ರ ಬೆಳಕನ್ನು ಸ್ವಲ್ಪ ಸ್ವಲ್ಪವೇ ಏರಿಸಿ, ಅದು ಸುತ್ತಲಿನ ಕೆಂಪಿಗೆ ಸರಿಸಮ ಆಗುವವರೆಗೂ ಬಿಡಲಿಲ್ಲ. ಪ್ರತಿ ವಾರ ಇನ್ನೂ ಸ್ವಲ್ಪ ಏರಿಸಬೇಕಾಗುತ್ತಿತ್ತು.

“ಹೆಂಗಿದೆ?”

ಕಮಲಾಕ್ಷಿ ಬಗ್ಗಿ ನೋಡಿದಳು. ಕೆಂಪು ಮೋಡದ ಮಧ್ಯೆ ಕಣ್ಣು ಕುಕ್ಕುವ ಬಿಳಿ ಬೊಕ್ಕೆ. ಆಕಾಶದಲ್ಲಿ ಅಂಥದ್ದೂ ಇರುತ್ತದೇನೋ ಎಂದುಕೊಂಡಳು. “ಚೆನ್ನಾಗಿದೆ,” ಎಂದಳು. ಅವರು ತೆಗೆದ ಯಾವ ಚಿತ್ರಕ್ಕೂ ಅವಳು ಬೇರೆ ಮಾತು ಹೇಳಿದವಳಲ್ಲ.

ಮಾಘ ಕಳೆಯುವ ಹೊತ್ತಿಗೆ ಬ್ಯಾಂಕಿನ ಸಭೆಗೆಂದು ವಿಜಯವಾಡಕ್ಕೆ ಹೊರಟ ಓಂಕಾರಪ್ಪ ಚಿತ್ರವನ್ನೂ ಒಯ್ದರು. ಅಲ್ಲಿ ಅವರ ಪರಿಚಯದ ಫಣಿಯ ಫೋಟೊ ಸ್ಟುಡಿಯೊ ಇತ್ತು. ಕನ್ನಡದ ಮನೆಯವನಾದರೂ ಅಲ್ಲೇ ಹುಟ್ಟಿ ಬೆಳೆದವನು. ಅವನಿಗೂ ನೀಹಾರಿಕೆಗಳ ಹುಚ್ಚು. ಮುದ್ರಿಸಲು ಕೊಟ್ಟ ಚಿತ್ರವನ್ನು ದೊಡ್ಡ ಪರದೆಯ ಮೇಲೆ ತೆರೆದು ಫಣಿ ಮುಂದಕ್ಕೆ ಬಗ್ಗಿದ.

“ಇದೇನಂಡಿ ಓಂಕಾರಪ್ಪಗಾರೂ, ಮಧ್ಯದಲ್ಲಿ ಟ್ಯೂಬ್‌ಲೈಟ್ ಹಾಕಿದ್ದೀರಿ?”

“ತಮಾಷೆ ಬೇಡಪ್ಪ. ಉಪ್ಪು ಕೂತಿತ್ತು, ಸರಿ ಮಾಡಿದೀನಿ.”

ಫಣಿ ಮೂಲ ಚಿತ್ರಗಳನ್ನು ಕೇಳಿದ. ಒಂದೊಂದಾಗಿ ತೆರೆದ. ಪಂಚೆಯ ಚಿತ್ರವನ್ನೂ ತೆರೆದ. ಅವನ ಮುಖದ ನಗು ಇಳಿದಿತ್ತು.

“ಇದರಲ್ಲಿ ಕಲೆ ಎಲ್ಲಿದೆ? ತೋರಿಸಿ.”

ಓಂಕಾರಪ್ಪ ಬೆರಳಿಟ್ಟರು.

“ಅಲ್ಲೇನೂ ಇಲ್ಲ ಅಣ್ಣಾ,” ಎಂದ ಫಣಿ. ಅಲ್ಲಿಯವರೆಗೆ ಅವನು ಅವರನ್ನು ಅಣ್ಣ ಅಂದಿರಲಿಲ್ಲ.

ಅವರು ಕುರ್ಚಿ ಹಿಂದೆ ತಳ್ಳಿ ಎದ್ದು ಕಿಟಕಿಗೆ ಹೋದರು. ಬಿಸಿಲಿನಲ್ಲಿ ಇಂದ್ರಕೀಲಾದ್ರಿ ಬೆಟ್ಟ ತನ್ನ ಗುಡಿಯನ್ನು ಹೊತ್ತು ನಿಂತಿತ್ತು. ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ಗೋಪುರವನ್ನು ನೋಡಿದರು. ಗೋಪುರ ಇರಲಿಲ್ಲ, ಬೆಟ್ಟದ ಮೇಲೆ ಒರೆಸಿದಂಥ ಬೂದು. ನೋಟವನ್ನು ಕೆಳಗೆ ಮೆಟ್ಟಿಲಿಗೆ ತಂದರು. ಗೋಪುರ ಮರಳಿ ಬಂತು, ಮೆಟ್ಟಿಲು ಹೋಯಿತು. ನದಿಯ ಕಡೆ ಹೊರಳಿದರು. ಕಲೆ ನಾಯಿಯ ಹಾಗೆ ಹಿಂದೆಯೇ ಬಂದು ನೀರಿನ ಮೇಲೆ ಕೂತಿತು.

ಇಷ್ಟು ವಾರ ಅವರು ಚಿತ್ರದ ನಡುವನ್ನು ಬಿಟ್ಟು ಅಂಚನ್ನು ಒಮ್ಮೆಯೂ ದಿಟ್ಟಿಸಿರಲಿಲ್ಲ.

ಫಣಿ ಆಗಲೇ ಕಣ್ಣಿನ ಆಸ್ಪತ್ರೆಗೆ ಕರೆದೊಯ್ದ. ಪರೀಕ್ಷಿಸಿದ ಡಾಕ್ಟರಮ್ಮ, ಬಲಗಣ್ಣಿನ ಹಿಂಪರದೆಯ ನಟ್ಟನಡುವೆ ತೂತು ಬಿದ್ದು ದೊಡ್ಡದಾಗಿದೆ ಎಂದರು. ಅವರ ತೆಲುಗನ್ನು ಫಣಿ ಕನ್ನಡಕ್ಕೆ ತಿರುಗಿಸುತ್ತಿದ್ದ. “ಮೊದಲೇ ಬರಬೇಕಿತ್ತು ಅಂತಾರೆ. ಇಷ್ಟು ದಿನ ಏನು ಮಾಡ್ತಿದ್ರಿ ಅಂತ ಕೇಳ್ತಿದ್ದಾರೆ.”

“ಒರೆಸ್ತಿದ್ದೆ,” ಎಂದರು ಓಂಕಾರಪ್ಪ.

ಫಣಿ ಅದನ್ನು ತೆಲುಗಿಗೆ ತಿರುಗಿಸಲಿಲ್ಲ.

ಸುದ್ದಿ ತಿಳಿದು ಕಮಲಾಕ್ಷಿ ರೈಲು ಹತ್ತಿ ಬಂದಳು. ಶಸ್ತ್ರಚಿಕಿತ್ಸೆಯಾಯಿತು. ಕಣ್ಣಿನೊಳಗೆ ಅನಿಲದ ಗುಳ್ಳೆಯೊಂದನ್ನು ಬಿಟ್ಟಿದ್ದರು; ಅದು ಮೇಲೇರಿ ತೂತನ್ನು ಒತ್ತಿಹಿಡಿಯಬೇಕಾದರೆ ರೋಗಿ ಸದಾ ಮುಖ ಕೆಳಗೆ ಮಾಡಿರಬೇಕು. ವಿಶಾಖಪಟ್ಟಣಕ್ಕೆ ಮರಳುವ ರೈಲಿನಲ್ಲಿ ಅವರು ಬರ್ತಿನ ಅಂಚಿನಿಂದ ಮುಖವನ್ನು ನೆಲದ ಕಡೆ ಇಳಿಬಿಟ್ಟು ಬೋರಲಾಗಿ ಮಲಗಿದ್ದರು. ಎದುರು ಸೀಟಿನ ಅಜ್ಜಿ, “ಏನು ಬೀಳಿಸಿಕೊಂಡ್ರು ಪಾಪ, ಆಗಿಂದ ಹುಡುಕ್ತಾನೇ ಇದ್ದಾರೆ?” ಎಂದು ತೆಲುಗಿನಲ್ಲಿ ಕೇಳಿತು. ಕಮಲಾಕ್ಷಿಗೆ ನಗು ಬಂತು, ತಡೆದುಕೊಂಡಳು. ಅವಳಿಗೆ ಆ ಬಿಳಿ ಬೊಕ್ಕೆ ಕಣ್ಣಿಂದ ಹೋಗಿರಲಿಲ್ಲ. ಅನಕಾಪಲ್ಲಿ ಬಂದಾಗ ಅಲ್ಲಿನ ಮಂಡಿಗಳ ಬೆಲ್ಲದ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು.

“ನಂಗೆ ಕಂಡಿತ್ತು ಕಣ್ರೀ,” ಎಂದಳು, ಅವರ ಬೆನ್ನಿನ ಮೇಲೆ ಕೈಯಿಟ್ಟು. “ಹೇಳಲಿಲ್ಲ.”

“ನಾನು ಕೇಳಿದ್ದು ಹೆಂಗಿದೆ ಅಂತ. ಏನಿದೆ ಅಂತ ಕೇಳಲಿಲ್ಲವಲ್ಲ.”

ಗುಳ್ಳೆ ಕರಗಲು ವಾರಗಳೇ ಹಿಡಿದವು. ಕರಗಿದ ಮೇಲೆ ನೋಟದ ಅಂಚುಗಳು ತಿಳಿಯಾದವು. ವಿಜಯವಾಡಕ್ಕೆ ಹೋಗಿ ಮತ್ತೆ ತೋರಿಸಿದಾಗ, ತೂತು ಅರೆಬರೆ ಮುಚ್ಚಿದೆ, ಇನ್ನು ಇಷ್ಟೇ ಎಂದರು ಡಾಕ್ಟರಮ್ಮ.

ಓಂಕಾರಪ್ಪ ಮೂಲ ಚಿತ್ರಗಳನ್ನೆಲ್ಲ ಫಣಿಗೆ ಕಳಿಸಿದರು. ಅವನು ಕೂಡಿಸಿ ಕಳಿಸಿದ ನೀಹಾರಿಕೆ ಬಂದ ಭಾನುವಾರ, ಕಮಲಾಕ್ಷಿಯನ್ನು ಪಕ್ಕದಲ್ಲಿ ಕೂರಿಸಿಕೊಂಡರು.

“ಚೆನ್ನಾಗಿದೆ ಅನ್ನಬೇಡ. ಏನಿದೆ ಹೇಳು. ಎಡಗಡೆ ಅಂಚಿಂದ ಶುರು ಮಾಡು.”

ಅವಳು ಪರದೆಯ ಮೇಲೆ ಬೆರಳಿಟ್ಟಳು. “ಇಲ್ಲಿ ಕೆಂಪು ತೆಳ್ಳಗಿದೆ, ಹರಿದ ಸೆರಗಿನ ಹಾಗೆ. ಇಲ್ಲೊಂದು ಕಪ್ಪು ಗೆರೆ. ಗೆರೆ ಪಕ್ಕ ಎರಡು ಚುಕ್ಕಿ, ಒಂದು ಸ್ವಲ್ಪ ನೀಲಿ.” ಅವರ ಕಣ್ಣು ಚಿತ್ರದ ನಡುವೆ ಕಾದಿತ್ತು. ಬೆರಳು ನಿಧಾನವಾಗಿ ಅತ್ತ ಸರಿಯಿತು. ಮೊದಲು ಉಗುರು ಹೋಯಿತು, ಆಮೇಲೆ ಉಂಗುರ, ಆಮೇಲೆ ಇಡೀ ಕೈ.

“ಇಲ್ಲಿ,” ಎನ್ನುತ್ತಿತ್ತು ಅವಳ ದನಿ, “ಇಲ್ಲಿ ನೋಡಿ, ಇಲ್ಲಿ ಬಹಳ ಇದೆ.”