ಹೇಮಲತಾ ಮಡಚಿಟ್ಟ ಶುಕ್ರವಾರಗಳು

ಪುತ್ತೂರು ಕೋರ್ಟಿನಲ್ಲಿ ವಕೀಲರೊಬ್ಬರ ಗುಮಾಸ್ತೆಯಾಗಿ ಹನ್ನೆರಡು ವರ್ಷ ದುಡಿದ ಹೇಮಲತಾ ಒಂದೇ ಒಂದು ವಾಯಿದೆ ತಪ್ಪಿಸಿದವಳಲ್ಲ. ದೋಹಾದ ಅಲ್ ಮುಂತಜಾದಲ್ಲಿ ಬ್ಯಾರಿಸ್ಟರ್ ಗ್ರೀಷ್ಮಾಳ ಆಫೀಸು ಸೇರಿದಾಗಲೂ ಕಂಕುಳಲ್ಲಿ ದಪ್ಪ ಡೈರಿ. ಮ್ಯಾನೇಜರ್ ಬ್ರ್ಯಾಂಡನ್ ಮಂಗಳೂರಿನವನೇ, ಆದರೂ ಅದನ್ನು ಕಂಡರೆ ನಗು.

"ಹೇಮಕ್ಕ, ಇದನ್ನು ಮ್ಯೂಸಿಯಮ್ಮಿಗೆ ಕೊಡಿ. ಸಾಫ್ಟ್‌ವೇರ್ ಬಂತು. ಖಲಾಸ್!"

ನಕ್ಕರೆ ನಗಲಿ ಎಂದು ಬಿಟ್ಟಿದ್ದಳು. ಈ ಸಲ ಮಾತ್ರ ಅವನು ಆಫೀಸಿನ ಪರವಾನಗಿಗಾಗಿ ಲಂಡನ್ನಿಗೆ ಕಳಿಸಿದ ಅರ್ಜಿಯಿಂದ ಅವಳ ಹೆಸರನ್ನೇ ಕಿತ್ತುಹಾಕಿದ್ದ. ಗ್ರೀಷ್ಮಾಳಂಥ ಇಂಗ್ಲೆಂಡಿನ ಬ್ಯಾರಿಸ್ಟರು ಅಲ್ಲಿನ ಕೋರ್ಟಿನಲ್ಲಿ ನಿಂತು ವಾದಿಸಬಹುದು; ದಾವೆ ಹೂಡಿ, ಕಾಗದಪತ್ರ ಸಲ್ಲಿಸಿ ಕೇಸು ತಾನೇ ನಡೆಸಬೇಕಾದರೆ ಬೇರೆ ಪರವಾನಗಿ ಬೇಕು. ಕೋರ್ಟಿನ ಕ್ರಮ ಗೊತ್ತಿರಬೇಕು, ಸರಿಯಾದ ಆಫೀಸಿರಬೇಕು, ತಾರೀಕು ತಪ್ಪದ ವ್ಯವಸ್ಥೆ ಇರಬೇಕು. ಪರವಾನಗಿ ಸಿಗದಿದ್ದರೆ ಹೇಮಲತಾಳ ಕೆಲಸವೂ ಇಲ್ಲ, ವೀಸಾನೂ ಇಲ್ಲ.

ವಿಡಿಯೊ ಕರೆಯಲ್ಲಿ ಲಂಡನ್ನಿನ ಅಧಿಕಾರಿ ಎಲಿಜಬೆತ್ ನೇರ ಕೇಳಿದಳು: "ಶುಕ್ರವಾರ ನಮಗೆ ಕೋರ್ಟು, ನಿಮಗೆ ರಜೆ. ಕೊನೆಯ ದಿನ ಶುಕ್ರವಾರವೇ ಬಿದ್ದರೆ?"

"ಸಾಫ್ಟ್‌ವೇರ್ ನನ್ನ ಫೋನಿಗೆ ನೆನಪಿಸ್ತದೆ," ಅಂದ ಬ್ರ್ಯಾಂಡನ್.

"ಶುಕ್ರವಾರ ನೀವೆಲ್ಲಿರ್ತೀರಿ?"

"ಅಬು ಹಮೂರಿನಲ್ಲಿ. ಚರ್ಚಿನಲ್ಲಿ."

"ಫೋನು?"

"ಆಫ್."

ಪಕ್ಕದಲ್ಲಿ ಕೂತಿದ್ದ ಗ್ರೀಷ್ಮಾ ಅವನತ್ತ ತಿರುಗಿದಳು.

ಬಾಗಿಲಲ್ಲಿ ನಿಂತಿದ್ದ ಹೇಮಲತಾ ಯಾರ ಅಪ್ಪಣೆಗೂ ಕಾಯಲಿಲ್ಲ. ಬಂದವಳೇ ಡೈರಿಯನ್ನು ಕ್ಯಾಮೆರಾದ ಮುಂದೆ ಬಿಚ್ಚಿ ಹಿಡಿದಳು. ಪ್ರತಿ ಶುಕ್ರವಾರದ ಹಾಳೆಯನ್ನೂ ಒಳಕ್ಕೆ ಮಡಚಿ ಪಿನ್ನು ಹೊಡೆದಿತ್ತು. ಬರೆಯಲಿಕ್ಕೆ ಜಾಗವೇ ಇಲ್ಲ.

ಬಂದಷ್ಟು ಇಂಗ್ಲಿಷಿನಲ್ಲೇ ಹೇಳಿದಳು: "ಶುಕ್ರವಾರದ ವಾಯಿದೆಯನ್ನು ಬುಧವಾರಕ್ಕೇ ಬರೀತೇನೆ ಮೇಡಂ. ಬುಧವಾರ ಕಾಗದ ಹೋಗದಿದ್ದರೆ ಗುರುವಾರ ಬೆಳಿಗ್ಗೆ ಈ ಮ್ಯಾನೇಜರರ ಮೇಜಿನೆದುರು ಕೂತುಬಿಡ್ತೇನೆ. ಕಾಗದ ಹೊರಡುವ ತನಕ ಏಳುವುದಿಲ್ಲ."

"ಎರಡು ಸಲ ಕೂತಿದ್ದಾರೆ," ಅಂದಳು ಗ್ರೀಷ್ಮಾ.

"ನಿಮಗೇ ಹುಷಾರಿಲ್ಲದಿದ್ದರೆ?" ಅಧಿಕಾರಿ ಬಿಡಲಿಲ್ಲ.

"ಇಂಥದ್ದೇ ಇನ್ನೊಂದು ಡೈರಿ ಗ್ರೀಷ್ಮಾ ಮೇಡಂ ಹತ್ತಿರ ಉಂಟು. ದಿನಾ ಸಂಜೆ ಎರಡನ್ನೂ ತಾಳೆ ನೋಡ್ತೇವೆ."

ಎಲಿಜಬೆತ್ ಅರ್ಜಿ ತಿರುವಿದಳು. "ಈ ವ್ಯವಸ್ಥೆ ಇದರಲ್ಲಿಲ್ಲ. ಇವರ ಹೆಸರೂ ಇಲ್ಲ. ಎರಡನ್ನೂ ಬರೆದು ಕಳಿಸಿ."

ಬ್ರ್ಯಾಂಡನ್ ಬರೆದ. ಹೇಮಲತಾ ಬೆನ್ನ ಹಿಂದೆಯೇ ನಿಂತು ಬರೆಸಿದಳು.

ಮೂರು ವಾರಕ್ಕೆ ಪರವಾನಗಿ ಬಂತು. ಅದಾದ ಕೆಲವೇ ದಿನಕ್ಕೆ ಆಫೀಸಿನ ಮೊದಲ ಸ್ವಂತ ದಾವೆ. ಲೆಕ್ಕ ಹಾಕಿದರೆ ಕೊನೆಯ ದಿನ ಶುಕ್ರವಾರವೇ! ಹೇಮಲತಾ ಎರಡು ಹಾಳೆ ಹಿಂದಕ್ಕೆ ಹೋಗಿ ಬುಧವಾರದಲ್ಲಿ ದಪ್ಪಕ್ಷರದಲ್ಲಿ ಬರೆದಳು. ಆಮೇಲೆ ಕುರ್ಚಿಯೊಂದನ್ನು ದರದರ ಎಳೆದು ಮ್ಯಾನೇಜರರ ಮೇಜಿನೆದುರು ಇಟ್ಟಳು.

"ಅಯ್ಯೋ, ಇವತ್ತಿನ್ನೂ ಸೋಮವಾರ ಹೇಮಕ್ಕ!"

"ಗೊತ್ತುಂಟು ಮಾರಾಯ್ರೇ. ಕುರ್ಚಿ ಅಲ್ಲೇ ಇರಲಿ. ಯಲ್ಲಾ, ನಡೀರಿ, ಕೆಲಸ ನೋಡಿ."